ಹೊಸ್ತಿಲು ಹುಡುಕುವ ಕಲ್ಲು

ನಾನು ಹುಟ್ಟಿದ ಹನ್ನೊಂದನೆಯ ದಿನ ನನ್ನನ್ನು ಮನೆಯೊಳಗೆ ಕಿಟಕಿಯಿಂದ ತಂದರು. ಹೊರಗೆ ಮೆಟ್ಟಿಲಿನ ಹಾಗೆ ಜೋಡಿಸಿದ ಮೂರು ಕಲ್ಲು, ಒಳಗೆ ಒಂದು ಮರದ ಸ್ಟೂಲು. ಅವ್ವ ಹೊರಗಿನಿಂದ ನನ್ನನ್ನು ಬಟ್ಟೆಯ ಗಂಟಿನಂತೆ ಎತ್ತಿಕೊಟ್ಟಳಂತೆ, ಒಳಗೆ ಆಯಿ ಸೆರಗೊಡ್ಡಿ ಇಳಿಸಿಕೊಂಡಳಂತೆ. ಆಯಿ ಅಂದರೆ ನನ್ನಪ್ಪನ ತಾಯಿ, ನೀಲಗಂಗವ್ವ. ನಮ್ಮ ಮನೆಗೆ ಬಾಗಿಲೇ ಇರಲಿಲ್ಲ ಎಂದಲ್ಲ. ಹಿತ್ತಾಳೆಯ ಹೂವು ಬಡಿದ ಎರಡು ಕದದ ಬಾಗಿಲು, ಊರಿಗೇ ಚೆಲುವಾದದ್ದು, ಇತ್ತು. ಅದನ್ನು ತೆರೆದರೆ ಒಂದು ಗೇಣು ಜಾಗ, ಆಮೇಲೆ ಪುರಸಭೆಯ ಗೋಡೆ.

ಗೋಡೆ ನನಗಿಂತ ಒಂದು ವರ್ಷಕ್ಕೆ ಹಿರಿದು. ಮುರಿದ ಬೀದಿದೀಪದ ಕಂಬಗಳನ್ನು ಇಡಲಿಕ್ಕೆಂದು ಪುರಸಭೆಯವರು ನಮ್ಮ ಓಣಿಯಲ್ಲಿ ಒಂದು ಉಗ್ರಾಣ ಕಟ್ಟಿಸಿದರು. ನಕ್ಷೆ ಬರೆದವನು ಯಾರೋ ನಮ್ಮ ಅಂಗಳವನ್ನು ಖಾಲಿ ಜಾಗವೆಂದು ಬರೆದಿದ್ದ. ಆಯಿ ಕೋರ್ಟಿಗೆ ಹೋದಳು. ಮೂರು ವರ್ಷ ಅಲೆದು ಗೆದ್ದಳು. ಗೋಡೆ ಕೆಡವಿ ಬಾಗಿಲು ಬಿಡಿಸತಕ್ಕದ್ದು ಎಂದು ನ್ಯಾಯಾಧೀಶರು ಓದಿದ ದಿನ ನಾನು ಎರಡು ವರ್ಷದವಳು, ಆಯಿಯ ಸೊಂಟದ ಮೇಲೆ ಕೂತು ಬೆಲ್ಲ ಚೀಪುತ್ತಿದ್ದೆನಂತೆ. ಅದಾಗಿ ಹತ್ತೊಂಬತ್ತು ವರ್ಷವಾಯಿತು.

ನಮ್ಮೂರಿನಲ್ಲಿ ತೀರ್ಪನ್ನು ಕಲ್ಲಿನ ಮೇಲೆ ಕೆತ್ತುತ್ತಾರೆ. ಕಲ್ಲು ತಾನಾಗಿಯೇ ಕೋರ್ಟಿನ ಮೆಟ್ಟಿಲಿಳಿದು ಸೋತವರ ಹೊಸ್ತಿಲನ್ನು ಹುಡುಕಿಕೊಂಡು ಹೊರಡುತ್ತದೆ. ಹೊಸ್ತಿಲನ್ನು ಮುಟ್ಟಿದ್ದೇ ತಡ, ಒಳಕ್ಕೆ ಹಾರುತ್ತದೆ. ಆಮೇಲೆ ತೀರ್ಪಿನಂತೆ ನಡೆದುಕೊಳ್ಳುವವರೆಗೆ ಆ ಹೊಸ್ತಿಲಿನ ಧಣಿಗೆ ಎಲ್ಲಿಯೂ ಕೂರಲಿಕ್ಕಾಗುವುದಿಲ್ಲ. ಗಾಣದ ಚನಮಲ್ಲಪ್ಪ ನೆರೆಯವರ ಕಾಲುದಾರಿಗೆ ಮುಳ್ಳು ಹಚ್ಚಿ ಕೋರ್ಟಿನಲ್ಲಿ ಸೋತಾಗ ಕಲ್ಲು ದೀಪ ಹಚ್ಚುವ ಹೊತ್ತಿಗೆಲ್ಲ ಅವನ ಮನೆ ಸೇರಿತ್ತು. ಎರಡು ದಿನ ಅವನು ರೊಟ್ಟಿಯನ್ನು ನಿಂತೇ ತಿಂದ. ಕುರ್ಚಿ, ಕಟ್ಟೆ, ಚಾಪೆ, ಯಾವುದರ ಮೇಲೆ ಕೂತರೂ ಎಣ್ಣೆ ಸವರಿದ ಎಮ್ಮೆಯ ಬೆನ್ನಿನಿಂದ ಜಾರುವಂತೆ ಜಾರುತ್ತಿದ್ದ. ಮೂರನೆಯ ಬೆಳಿಗ್ಗೆ ತಾನೇ ಮುಳ್ಳು ಕಿತ್ತು, ಕಿತ್ತ ಜಾಗದಲ್ಲಿಯೇ ಕುಕ್ಕರುಬಡಿದು "ಅಬ್ಬಾ" ಎಂದನಂತೆ.

ಆದರೆ ಸೋತದ್ದು ಸರ್ಕಾರದ ಕಚೇರಿಯಾದರೆ ಕಲ್ಲು ದಿನಕ್ಕೆ ಒಂದು ಜೋಳದ ಕಾಳಿನಷ್ಟು ಮಾತ್ರ ಸರಿಯುತ್ತದೆ. ಅದೂ ಸೂರ್ಯ ನೆತ್ತಿಗೆ ಬಂದು ನೆರಳು ಕಾಲಡಿ ಸೇರಿದಾಗ, ಒಂದೇ ಸಲ. ಅವಸರ ಮಾಡುವ ಹಾಗಿಲ್ಲ. ಒಮ್ಮೆ ನನ್ನಪ್ಪ ತಾಳಲಾರದೆ ಹಾರೆ ಹಾಕಿ ನಮ್ಮ ಕಲ್ಲನ್ನು ಎರಡು ಬೆರಳು ಮುಂದೂಡಿದ. ಮರುದಿನ ನೋಡಿದರೆ ಕಲ್ಲು ಕೋರ್ಟಿನ ಕಡೆಗೆ ಎರಡು ಹೆಜ್ಜೆ ಹಿಂದೆ ನಿಂತಿತ್ತು. ಒಂದು ವರ್ಷದ ದಾರಿ ಹಾಳು. ಆಯಿ ಅಪ್ಪನಿಗೆ ಬಯ್ಯಲಿಲ್ಲ. "ಹಾಲು ಕಾಸುವಾಗ ಉರಿ ಹೆಚ್ಚು ಮಾಡಿದ್ರ ಒಲಿ ಪಾಲ ಆಕ್ಕೈತಿ, ಮಗನ" ಎಂದಳು, ಅಷ್ಟೇ.

ಕೋರ್ಟೂ ಪುರಸಭೆಯೂ ಒಂದೇ ಬೀದಿಯ ಎರಡು ತುದಿಗೆ ಇವೆ, ನಡುವೆ ನೂರು ಹೆಜ್ಜೆ. ಆ ಬೀದಿಯಲ್ಲಿ ಪುರಸಭೆಯತ್ತ ಮುಖ ಮಾಡಿದ ಹನ್ನೆರಡು ಕಲ್ಲುಗಳಿದ್ದವು. ಎಲ್ಲಕ್ಕೂ ಹಳೆಯದು, ಎಲ್ಲಕ್ಕೂ ಮುಂದೆ ಇದ್ದದ್ದು ನಮ್ಮದು. ಜನ ಅವುಗಳ ಜೊತೆ ಹೊಂದಿಕೊಂಡಿದ್ದರು. ಕ್ಷೌರದಂಗಡಿಯ ಮುಂದಿನ ಕಲ್ಲಿನ ಮೇಲೆ ಗಿರಾಕಿಗಳು ಸರದಿಗೆ ಕಾಯುತ್ತ ಕೂರುತ್ತಿದ್ದರು. ವರ್ಷಕ್ಕೆ ಎರಡು ಹೆಜ್ಜೆ ಸರಿದು ಅದು ಬಳೆಯಂಗಡಿಯ ಪಾಲಾದಾಗ ಇಬ್ಬರು ಅಂಗಡಿಯವರ ನಡುವೆ ಮಾತು ಬಂತು. ನಮ್ಮ ಕಲ್ಲಿಗೆ ಆರು ಹೆಜ್ಜೆ ಹಿಂದೆ ಇದ್ದದ್ದು ಹಮಾಲರದು. ಸಂತೆಕಟ್ಟೆಯಲ್ಲಿ ಹಮಾಲರಿಗೆ ನೆರಳಿನ ಚಪ್ಪರ ಹಾಕಿಸಿಕೊಡಬೇಕೆಂದು ಅದರ ಮೇಲೆ ಕೆತ್ತಿತ್ತು. ಅದನ್ನು ಗೆದ್ದ ಹಮಾಲರಲ್ಲಿ ಮೂವರು ಆಗಲೇ ಮುದುಕರಾಗಿ ಮನೆ ಹಿಡಿದಿದ್ದರು.

ನಮ್ಮ ಕಲ್ಲು ಮೂವತ್ತಾರು ಹೆಜ್ಜೆ ಬಂದು ಮೌಲಾಸಾಬ್ ಕಾಕಾನ ಚಹಾದಂಗಡಿಯ ಬೇವಿನ ಮರದಡಿ ಸೇರಿತ್ತು. ಕಾಕಾ ಅದರ ಮುಂದೆ ಸುಣ್ಣದಲ್ಲಿ ಗೆರೆ ಎಳೆದಿಟ್ಟು, ಅದು ಗೆರೆಯನ್ನು ಮುಟ್ಟಿದ ಗಳಿಗೆಗೆ ತನ್ನ ಗಡಿಯಾರಕ್ಕೆ ಹನ್ನೆರಡು ಹಚ್ಚುತ್ತಿದ್ದ. "ನಿಮ್ಮ ತೀರ್ಪು ತಡ ಆಗ್ಬಹುದು ಆಯಿ, ತಪ್ಪಂಗಿಲ್ಲ" ಎನ್ನುತ್ತಿದ್ದ. ಉಳಿದದ್ದು ಅರವತ್ತನಾಲ್ಕು ಹೆಜ್ಜೆ, ಇನ್ನೂ ಮೂವತ್ತೆರಡು ವರ್ಷ. ಆಯಿಗೆ ಆಗ ಎಪ್ಪತ್ತೊಂದು.

ಕಿಟಕಿಯ ಬಾಳೂ ಬಾಳೇ. ಜೋಳದ ಚೀಲ, ನೀರಿನ ಕೊಡ, ಬೀಸುವ ಕಲ್ಲು, ಎಲ್ಲ ಅಲ್ಲಿಂದಲೇ ಬಂದವು. ನನ್ನನ್ನು ನೋಡಲು ಬಂದ ಗಂಡಿನ ತಾಯಿ ಮೂರು ಕಲ್ಲುಗಳ ಕೆಳಗೆ ನಿಂತು ಸೀರೆಯ ನಿರಿಗೆ ನೋಡಿಕೊಂಡು, "ಕಿಟಕ್ಯಾಗಿಂದ ಬರೂದು ಬೆಕ್ಕು" ಎಂದು ಹಿಂದಿರುಗಿದಳು. "ಬೆಕ್ಕಿಗಿದ್ದ ಬುದ್ಧಿ ಆಕೀಗಿಲ್ಲ ಬಿಡು, ಹಾಲು ಬಿಟ್ಟು ಹೋದ್ಲು" ಎಂದು ಆಯಿ ಒಳಗಿನಿಂದಲೇ ಅಂದಳು. ಆದರೆ ಅವಳು ಒಂದನ್ನು ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆರೆದು, ಹೊಸ್ತಿಲು ತೊಳೆದು, ಆ ಗೇಣು ಜಾಗದಲ್ಲಿ ಕೈ ಚಾಚಿ ರಂಗೋಲಿ ಹಾಕುತ್ತಿದ್ದಳು. ಬಾಗಿಲಿನಷ್ಟು ಉದ್ದ, ಗೇಣಿನಷ್ಟು ಅಗಲ. ಯಾರೂ ತುಳಿಯದ, ಯಾರೂ ನೋಡದ ರಂಗೋಲಿ. ನಾನು ಅವಳ ಪಕ್ಕದಲ್ಲಿ ಕೂತು ಗೋಡೆಯ ಪಾಚಿಯಲ್ಲಿ ಆನೆ, ಹಡಗು, ಜಡೆ ಹೆಣೆದ ಹೆಂಗಸರನ್ನು ಹುಡುಕುತ್ತಿದ್ದೆ. ಆಯಿ ಅಲ್ಲಿಯೇ ಕಥೆ ಹೇಳುತ್ತಿದ್ದಳು.

ಅವಳ ಕಥೆಗಳಲ್ಲಿ ಒಂದು ಮಾತ್ರ ನನಗೆ ಪೂರ್ತಿ ಸಿಕ್ಕಿರಲಿಲ್ಲ. ಒಬ್ಬ ರಾಜ ಕುಂಬಾರಗಿತ್ತಿಯ ಮಡಕೆ ಸುಡುವ ಆವಿಗೆ ಕಸಿದುಕೊಂಡು ನ್ಯಾಯದಲ್ಲಿ ಸೋತ. ತೀರ್ಪಿನ ಕಲ್ಲು ಬರುತ್ತದೆಂದು ಹೆದರಿ ರಾಜಧಾನಿಯನ್ನೇ ಬಿಟ್ಟು ಹೊರಟ. ಆನೆ ಬಿಟ್ಟ, ಅರಮನೆ ಬಿಟ್ಟ, ಹೊಸ್ತಿಲೊಂದನ್ನು ಬಿಡಲಿಕ್ಕಾಗಲಿಲ್ಲ. ಹೊಸ್ತಿಲಿಲ್ಲದ ರಾಜನ ಮಾತನ್ನು ಯಾರು ಕೇಳುತ್ತಾರೆ. ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಿಸಿಲಿನಲ್ಲಿ ಹೊರಟ. "ಎತ್ತಿಗೆ ನೀರಡಿಕಿ ಆತು. ನಡ್ಯಾಕ ಒಲ್ಲೆ ಅಂದ್ವು" ಎಂಬಲ್ಲಿಗೆ ಆಯಿ ಆಕಳಿಸುತ್ತಿದ್ದಳು. ಎತ್ತು ಎಲ್ಲಿ ನಿಂತವು ಎಂದು ಕೇಳಿದರೆ, "ಎತ್ತಿಗೆ ನೀರಡಿಕಿ, ನನಗ ನಿದ್ದಿ" ಎಂದು ಮಗ್ಗುಲಾಗುತ್ತಿದ್ದಳು. ಹದಿನೈದು ವರ್ಷ ನನ್ನ ತಲೆಯಲ್ಲಿ ಆ ಎತ್ತುಗಳು ನಾಲಗೆ ಚಾಚಿಕೊಂಡು ನಡೆಯುತ್ತಲೇ ಇದ್ದವು.

ಆ ಬೇಸಿಗೆಯಲ್ಲಿ ಪುರಸಭೆಯ ಅಧ್ಯಕ್ಷ ಗುರುಶಾಂತಪ್ಪನವರು ಹೊಸ ಕಚೇರಿ ಕಟ್ಟಿಸಿ ಮುಗಿಸಿದರು. ಕೋರ್ಟಿನಾಚೆ, ಕೆರೆಯ ಏರಿಯ ಬಳಿ, ಊರಿಗೆ ಹರದಾರಿ ದೂರ. ಡಂಗುರದವನು ಬಂದು ಗಾಳಿ ಬೆಳಕು ಚೆನ್ನಾಗಿದೆ ಎಂದು ಸಾರಿದ. ಆದರೆ ಬೀದಿಯವರಿಗೆ ಗೊತ್ತಿತ್ತು. ಅತ್ತ ಹೊಸ್ತಿಲು ಹೋದರೆ ಹನ್ನೆರಡು ಕಲ್ಲುಗಳೂ ಮುಖ ತಿರುಗಿಸಿ, ಬಂದ ದಾರಿಯನ್ನೆಲ್ಲ ಹಿಂದಕ್ಕೆ ನಡೆದು, ಹರದಾರಿ ಸವೆಸಬೇಕು. ಜೋಳದ ಕಾಳಿನ ಲೆಕ್ಕದಲ್ಲಿ ಅದು ಮೊಮ್ಮಕ್ಕಳ ಮರಿಮಕ್ಕಳಿಗೂ ಮುಗಿಯದು. ನಾನು ಕಿಟಕಿ ಹತ್ತಿ ಒಳಗೆ ಬಂದು ಆಯಿಗೆ ಹೇಳಿದೆ.

ಆಯಿ ಜೋಳ ಹಸನು ಮಾಡುತ್ತಿದ್ದಳು. "ಹೊಸ ಕಚೇರಿಗೆ ಹೊಸ ಹೊಸ್ತಲಾನೋ, ಹಳೇದೋ?" ಎಂದು ಕೇಳಿದಳು.

"ಹಳೇದ ಒಯ್ತಾರಂತ. ನೂರು ವರ್ಷ ಮಂದಿ ತುಳಿದು ಸವೆದದ್ದಲ್ಲ, ಅದಿಲ್ಲಾಂದ್ರ ಕಚೇರಿ ಮಾತಿಗೆ ತೂಕ ಬರಂಗಿಲ್ಲಂತ. ನಾಳೆ ಎಂಟು ಹಮಾಲರು ಹೆಗಲ ಮ್ಯಾಲೆ ಹೊತ್ತು ಮೆರವಣಿಗಿ. ಹನ್ನೆರಡೂವರಿಗೆ ಅಲ್ಲಿ ಮುಹೂರ್ತ."

ಆಯಿಯ ಕೈ ಮೊರದ ಮೇಲೆ ನಿಂತಿತು. ಆಮೇಲೆ, "ಎಲ್ಲಾ ಮೊಸರು ಕಡಿ, ಕಸ್ತೂರಿ. ದೊಡ್ಡ ಗಡಿಗಿ ತಗಿ" ಎಂದಳು.

ಮರುದಿನ ಬೆಳಿಗ್ಗೆ ರಂಗೋಲಿ ಹಾಕಿ ಮುಗಿಸಿ ಆಯಿ ಕಿಟಕಿಯ ಹತ್ತಿರ ಬಂದಳು. ಎರಡು ವರ್ಷದಿಂದ ಮೊಣಕಾಲು ನೋವಿಗೆ ಅವಳು ಕಿಟಕಿ ಇಳಿದಿರಲಿಲ್ಲ. ಅಪ್ಪ ಒಳಗಿನಿಂದ ಹಿಡಿದ, ಅವ್ವ ನಾನು ಹೊರಗೆ ಕೈ ಕೊಟ್ಟೆವು. ಅರ್ಧ ಗಂಟೆ ಬೇಕಾಯಿತು. ನೆಲಕ್ಕೆ ಕಾಲೂರಿ ಅವಳು ಸೀರೆ ಕೊಡವಿಕೊಂಡು, "ಈ ಕಿಟಕಿ ಇನ್ನ ನಾ ಹತ್ತಂಗಿಲ್ಲ" ಎಂದಳು. ನಾನು, ಸಂಜೆ ಮತ್ತೆ ಹೇಗೆ ಒಳಗೆ ಬರುತ್ತೀ ಎಂದೆ. "ಬಂದ್ರ ಬಾಗಲದಾಗಿಂದ ಬರ್ತೇನಿ. ಇಲ್ಲಾಂದ್ರ ಮೌಲಾನ ಬೇವಿನ ಗಿಡ ಐತಿ, ಅಲ್ಲೇ ಇರ್ತೇನಿ. ಖರೇನ ಹೇಳಾಕತ್ತೇನಿ." ಅಪ್ಪ ಕಿಟಕಿಯ ಸರಳಿಲ್ಲದ ಚೌಕಟ್ಟಿನಲ್ಲಿ ತಲೆ ಇಟ್ಟು ನಿಂತಿದ್ದ. ಆಯಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ನಾನು ಮಜ್ಜಿಗೆಯ ಗಡಿಗೆ ಹೊತ್ತೆ. ಚಹಾದಂಗಡಿಗೆ ಬಂದು ಆಯಿ ತನ್ನ ಕಲ್ಲಿನ ಮೇಲೆ ಕೂತು, ಮೌಲಾಸಾಬ್ ಕಾಕಾನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದಳು. ಕಾಕಾ ಗಡಿಯಾರ ನೋಡಿದ, ಸುಣ್ಣದ ಗೆರೆ ನೋಡಿದ, ತನ್ನ ಗಾಜಿನ ಲೋಟಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಹೆಂಡತಿಯ ಕೈಗೆ ಕೊಟ್ಟು ಮನೆಗೆ ಕಳಿಸಿದ. ಒಂದು ಹಿತ್ತಾಳೆಯ ಲೋಟ ಉಳಿಯಿತು.

ಹನ್ನೊಂದೂವರೆಗೆ ಶಹನಾಯಿ ಕೇಳಿಸಿತು. ಮುಂದೆ ಬಾಜಾಬಜಂತ್ರಿ, ನಡುವೆ ಎಂಟು ಹಮಾಲರ ಹೆಗಲ ಮೇಲೆ ಕರಿಯ ಕಲ್ಲಿನ ಹೊಸ್ತಿಲು, ಅರಿಶಿನ ಕುಂಕುಮ ಬಳಿದು ಚೆಂಡುಹೂವಿನಿಂದ ಮುಚ್ಚಿದ್ದು. ಹಿಂದೆ ತೆರೆದ ಜೀಪು. ಜೀಪಿನಲ್ಲಿ ಹಗ್ಗ ಬಿಗಿದು ಕಟ್ಟಿದ ಅಧ್ಯಕ್ಷರ ಕುರ್ಚಿ, ಅದರಲ್ಲಿ ಜರಿ ರುಮಾಲಿನ ಗುರುಶಾಂತಪ್ಪನವರು. ಕಲ್ಲುಗಳಿರುವ ಬೀದಿಯಲ್ಲಿ ಎಲ್ಲಿಯೂ ನಿಲ್ಲಕೂಡದೆಂದು ಅವರು ಮೊದಲೇ ಹಮಾಲರಿಗೆ ತಾಕೀತು ಮಾಡಿದ್ದರು. ಕಲ್ಲಿನ ಸ್ವಭಾವ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದ್ದು ಹಮಾಲರ ಪದ್ಧತಿ.

ಆಯಿ ಎದ್ದಳು. ಲೋಟದಲ್ಲಿ ಮಜ್ಜಿಗೆ ತುಂಬಿ, ಬೀದಿಯ ನಡುವೆ ಹೋಗಿ, ಎಲ್ಲರಿಗೂ ಮುಂದೆ ಹೆಗಲು ಕೊಟ್ಟಿದ್ದ ದುರುಗಪ್ಪನ ಮುಂದೆ ಹಿಡಿದಳು. "ಬಿಸಲಾಗ ಬಂದೀರಿ. ಕುಡೀರಿ, ಅಪ್ಪಾ."

ದುರುಗಪ್ಪ ಹಮಾಲರ ಹಿರಿಯ. ಲೋಟ ನೋಡಿದ. ಆಯಿಯನ್ನು ನೋಡಿದ. ಬೇವಿನ ಮರದಡಿಯ ಕಲ್ಲು ನೋಡಿ, ಅದರ ಹಿಂದೆ ಆರು ಹೆಜ್ಜೆಗೆ ನಿಂತ ತಮ್ಮ ಕಲ್ಲನ್ನೂ ನೋಡಿದ. "ಇಳಸ್ರೋ" ಎಂದ.

"ಏ, ಇಳಸ್ಬ್ಯಾಡ್ರಿ, ನಡೀರಿ" ಎಂದು ಅಧ್ಯಕ್ಷರು ಜೀಪಿನಿಂದ ಕೂಗಿದರು. "ಅಲ್ಲಿ ಹೋದಮ್ಯಾಲೆ ಬಾದಾಮಿ ಹಾಲ ಐತಿ."

"ಹಂಗ ಬರಂಗಿಲ್ರಿ ಸಾಹೇಬ್ರ" ಎಂದ ದುರುಗಪ್ಪ, ಹೆಗಲು ಓರೆ ಮಾಡುತ್ತ. "ಹೊರಿ ಹೊತ್ತಾವ್ರಿಗೆ ಯಾರರ ಕುಡಿಯಾಕ ಹಿಡಿದ್ರ ಹೊರಿ ಇಳಿಸಿ ಕುಡೀಬೇಕು. ಹೊತ್ಕೊಂಡ ಕುಡದ್ರ ನೀರು ಹೆಗಲಿಗೆ ಇಳಿತೈತಿ, ಕುಡೀದ ಹ್ವಾದ್ರ ಹೆಗಲ ಒಣಗ್ತೈತಿ. ನಮ್ಮ ಅಜ್ಜಾರ ಕಾಲದ ಮಾತು. ಬೇಕಂದ್ರ ನೀವು ಒಂದ ತುದಿ ಹಿಡೀರಿ, ನಾ ಕುಡದು ಬರ್ತೇನಿ."

ಬಾಜಾದವರು ನಕ್ಕರು. ಅಧ್ಯಕ್ಷರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಅಲ್ಲಿ ಬ್ಯಾಡ, ಆ ಕಲ್ಲಿನ ಹತ್ರ ಬ್ಯಾಡ, ಈ ಕಡೆ ಇಡ್ರಿ" ಎಂದರು. ಈ ಕಡೆ ಬಿಸಿಲಿತ್ತು. ಹಮಾಲ ನೆರಳು ಬಿಟ್ಟು ಹೊರೆ ಇಳಿಸುವುದಿಲ್ಲ. ಎಂಟೂ ಜನ ಒಂದೇ ಉಸಿರಿಗೆ ಬಗ್ಗಿ, ಬೇವಿನ ನೆರಳಿನಲ್ಲಿ, ನಮ್ಮ ಕಲ್ಲಿನ ಮುಂದೆ, ಮೌಲಾಸಾಬ್ ಕಾಕಾ ಅಂದು ಎಳೆದ ಸುಣ್ಣದ ಗೆರೆಯ ಮೇಲೆ ಹೊಸ್ತಿಲನ್ನು ಇಳಿಸಿದರು. ನಡುವೆ ಒಂದು ಜೋಳದ ಕಾಳು ಹಿಡಿಯುವಷ್ಟು ಜಾಗ. ಹದಿನೈದು ವರ್ಷ ನಡೆದ ಎತ್ತುಗಳು ನಿಂತದ್ದು ನನಗೆ ಆಗ ಕಂಡಿತು.

"ಎತ್ರಿ, ಎತ್ರಿ, ಸರಿಸ್ರಿ ಅದನ್ನ."

"ಕೂಡಿ ಹೊತ್ತಾವ್ರು ಎಲ್ಲಾರೂ ಕುಡದು ಮುಗಿಸೂತನಕ ಹೊರಿ ಮುಟ್ಟೂ ಹಂಗಿಲ್ರಿ."

"ಹಂಗಾರ ಲಗೂನ ಕುಡೀರಿ. ಎಂಟೂ ಮಂದಿಗೆ ಒಮ್ಮೆ ಕೊಡು, ಮುದುಕಿ."

"ಲೋಟ ಒಂದ ಐತ್ರಿ" ಎಂದಳು ಆಯಿ.

ಅಧ್ಯಕ್ಷರು ಮೌಲಾಸಾಬ್ ಕಾಕಾನ ಕಡೆ ತಿರುಗಿದರು. "ಏನೋ ಸಾಬಾ, ಚಹಾದಂಗಡ್ಯಾಗ ಒಂದ ಲೋಟ?"

"ಉಳಿದಾವು ತೊಳ್ಯಾಕ ಹೋಗ್ಯಾವ್ರಿ" ಎಂದು ಕಾಕಾ ನೆಲ ನೋಡಿಕೊಂಡು ಹೇಳಿದ. "ಪುರಸಭೆ ನಳದಾಗ ನೀರು ಬಂದ್ರ ಬರ್ತಾವು."

ದುರುಗಪ್ಪ ಕುಡಿದ. ಇಷ್ಟು ನಿಧಾನವಾಗಿ ಮಜ್ಜಿಗೆ ಕುಡಿದವನನ್ನು ನಾನು ಕಂಡಿಲ್ಲ. ಒಂದು ಗುಟುಕು ಬಾಯಲ್ಲಿಟ್ಟು ಉಪ್ಪು ಹೆಚ್ಚೋ ಕಡಿಮೆಯೋ ಎಂದು ಯೋಚಿಸಿದ. ಎರಡನೆಯವನು ಶುಂಠಿ ಹಾಕಿದ್ದೀಯಾ ಎಂದು ಕೇಳಿದ. ಆಯಿ ಶುಂಠಿ ಎಲ್ಲಿಂದ ತಂದದ್ದು, ಯಾರು ಕುಟ್ಟಿದ್ದು ಎಲ್ಲ ಹೇಳಿದಳು. ಮೂರನೆಯವನು ಎರಡು ಲೋಟ ಕುಡಿದ. ಪ್ರತಿ ಸಲ ಆಯಿ ಲೋಟ ತೊಳೆದು, ಸೆರಗಿನಿಂದ ಒರೆಸಿ, ಗಡಿಗೆಯನ್ನು ಕದಡಿ ತುಂಬುತ್ತಿದ್ದಳು. ಬೀದಿಯ ಎರಡೂ ಬದಿಯ ಅಂಗಡಿಗಳಿಂದ ಜನ ಇಳಿದು ಬಂದರು. ಹನ್ನೊಂದು ಕಲ್ಲುಗಳ ಮಂದಿಯೂ ಬಂದರು, ಕೆಲಸಕ್ಕೆ ಮರಳಿ ತೆಗೆದುಕೊಳ್ಳಿ ಎಂಬ ತೀರ್ಪು ಗೆದ್ದು ಕಾಯುತ್ತಲೇ ತಲೆ ನರೆತ ಮಾಸ್ತರರು ಕೊಡೆ ಹಿಡಿದುಕೊಂಡು ಬಂದರು. ಎಲ್ಲರೂ ತಮ್ಮ ತಮ್ಮ ನೆರಳನ್ನು ನೋಡಿಕೊಳ್ಳುತ್ತಿದ್ದರು. ಅದು ಚಪ್ಪಲಿಯ ಕಡೆಗೆ ಎಳೆದುಕೊಳ್ಳುತ್ತಿತ್ತು.

ಏಳನೆಯವನು ಲೋಟ ಕೊಟ್ಟಾಗ ಗಡಿಗೆ ಬರಿದಾಗಿತ್ತು. ಎಂಟನೆಯವನು, ಬಡಕಲ ಯಂಕಪ್ಪ, ಬರಿಗೈ ಚಾಚಿಕೊಂಡು ನಿಂತಿದ್ದ. ಅಧ್ಯಕ್ಷರು, "ಮುಗೀತಲ್ಲ, ಎತ್ರಿನ್ನ" ಎಂದರು. ಆಯಿ ಗಡಿಗೆಯನ್ನು ಲೋಟದ ಮೇಲೆ ಬಗ್ಗಿಸಿ ಹಿಡಿದಳು. ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. "ತಡೀರಿ, ಗಡಿಗಿ ಇನ್ನೂ ಒಲ್ಲೆ ಅಂದಿಲ್ಲ" ಎಂದಳು. ಐದನೆಯ ಹನಿಯೋ ಆರನೆಯದೋ ಬೀಳುವಾಗ ನೆರಳು ಕಾಲಡಿ ಸೇರಿತ್ತು.

ಕಲ್ಲು ಸರಿಯಿತು. ದಿನದಂತೆಯೇ, ಒಂದು ಜೋಳದ ಕಾಳಿನಷ್ಟು. ಟಕ್ ಎಂದು ಹೊಸ್ತಿಲಿಗೆ ತಾಗಿತು. ಆಮೇಲೆ ಹತ್ತೊಂಬತ್ತು ವರ್ಷ ತೆವಳಿದ ಆ ಕಲ್ಲು, ತಾಯಿಯ ಕೂಗು ಕೇಳಿದ ಕರುವಿನ ಹಾಗೆ ಚಂಗನೆ ಹೊಸ್ತಿಲು ಹಾರಿ, ಚೆಂಡುಹೂವು ಚೆದುರಿಸಿ, ಆಚೆ ಕಡೆ ಕೂತಿತು. ಅದೇ ಗಳಿಗೆಗೆ ಜೀಪಿನ ಕುರ್ಚಿ ಗುರುಶಾಂತಪ್ಪನವರನ್ನು ಮೆತ್ತಗೆ, ಚಮಚದಿಂದ ತುಪ್ಪ ಇಳಿದಂತೆ, ಕೆಳಗಿಳಿಸಿತು.

ಅವರು ಮತ್ತೆ ಹತ್ತಿದರು, ಮತ್ತೆ ಇಳಿದರು. ಚಹಾದಂಗಡಿಯ ಬೆಂಚಿನ ಮೇಲೆ ಕೂತರು. ಬೆಂಚು ಒಲ್ಲೆ ಎಂದಿತು. ಕಡತ ನೋಡಬೇಕು, ಸಭೆ ಸೇರಬೇಕು, ಮೂರು ತಿಂಗಳು ಬೇಕು ಎಂದರು. ಮೌಲಾಸಾಬ್ ಕಾಕಾ ಎಲ್ಲಿಂದಲೋ ಚಹಾದ ಲೋಟ ತಂದು ಕೊಟ್ಟು, "ನಿಂತ ಕುಡೀರಿ ಸಾಹೇಬ್ರ, ಅವಸರಿಲ್ಲ" ಎಂದ. ಮೂರು ಗಂಟೆಯವರೆಗೆ ಅವರು ತಾಳಿದರು. ಆಮೇಲೆ ಜರಿ ರುಮಾಲು ತೆಗೆದು ಬೆವರೊರೆಸಿಕೊಂಡು, "ಹಾರಿ ಗುದ್ದಲಿ ತಗೊಂಡ ಬರ್ರಿ" ಎಂದರು.

ಎಂಟು ಹಮಾಲರೂ ಬಂದರು, ಅರ್ಧ ಊರೂ ಬಂತು. ಮೊದಲ ಹಾರೆಯನ್ನು ಅಪ್ಪ ಹಾಕಿದ. ಈ ಸಲ ಯಾವುದೂ ಹಿಂದಕ್ಕೆ ಹೋಗಲಿಲ್ಲ. ನನ್ನ ಆನೆ, ಹಡಗು, ಜಡೆಯ ಹೆಂಗಸರೆಲ್ಲ ಧೂಳಾಗಿ ಎದ್ದರು. ಕೊನೆಯ ಸಾಲು ಬಿದ್ದಾಗ ಬೆಳಗಿನ ರಂಗೋಲಿ ಬಿಸಿಲಿಗೆ ಬಂತು, ಬಾಗಿಲಿನಷ್ಟು ಉದ್ದ, ಗೇಣಿನಷ್ಟು ಅಗಲ. ಜನ ಅದನ್ನು ತುಳಿಯದೆ ದೂರ ನಿಂತರು. ಹಿಂದೆಲ್ಲೋ ಅಧ್ಯಕ್ಷರು ಇಟ್ಟಿಗೆಯ ರಾಶಿಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡಿದ್ದರು.

ಆಯಿ ಹೊರಗೆ ನಿಂತು, "ಸೇರು ತುಂಬಿಸಿ ಇಡು, ಕಸ್ತೂರಿ" ಎಂದಳು. ನಾನು ರೂಢಿಯಂತೆ ಕಿಟಕಿ ಹಾರಿ ಒಳಗೆ ಓಡಿದೆ. ಎಲ್ಲರೂ ನಕ್ಕದ್ದು ಯಾಕೆಂದು ಒಳಗೆ ಹೋದ ಮೇಲೆ ಗೊತ್ತಾಯಿತು. ಸೇರಿಗೆ ಅಕ್ಕಿ ತುಂಬಿ ಹೊಸ್ತಿಲ ಮೇಲಿಟ್ಟು ಎರಡೂ ಕದ ತೆರೆದೆ. ಆಯಿ ಸೆರಗು ಸರಿಮಾಡಿಕೊಂಡು, ಐವತ್ತೈದು ವರ್ಷದ ಹಿಂದೆ ಬಂದಂತೆ, ಬಲಗಾಲಿನಿಂದ ಸೇರು ಒದ್ದಳು. ಮೊಣಕಾಲು ನೋವಿನ ಮುದುಕಿಯ ಒದೆತವಲ್ಲ ಅದು. ಅಕ್ಕಿ ಪಡಸಾಲೆ ದಾಟಿ ಅಡುಗೆಮನೆಯವರೆಗೆ ಸಿಡಿಯಿತು.

ಪುರಸಭೆಯ ಹೊಸ್ತಿಲು ಇನ್ನೂ ಹೊಸ ಕಚೇರಿ ಸೇರಿಲ್ಲ. ದಿನಾ ಎತ್ತುತ್ತಾರೆ, ನಾಲ್ಕಾರು ಹೆಜ್ಜೆ ಹೋಗುವಷ್ಟರಲ್ಲಿ ಮಧ್ಯಾಹ್ನಕ್ಕೆ ಸರಿಯಾಗಿ ಯಾರೋ ಒಬ್ಬರು ಗಡಿಗೆ ಹಿಡಿದು ಬರುತ್ತಾರೆ, ಹಮಾಲರು ಇಳಿಸುತ್ತಾರೆ. ಮರುದಿನ ಹಮಾಲರ ಕಲ್ಲು ಹಾರಿತು. ಸಂತೆಕಟ್ಟೆಯಲ್ಲಿ ಚಪ್ಪರ ಎದ್ದಿದೆ. ನಾಳೆ ಮಾಸ್ತರರ ಸರದಿ. ಬೆಲ್ಲದ ಪಾನಕ ಮಾಡುತ್ತೇನೆ ಎಂದು ಮಕ್ಕಳಂತೆ ಹೇಳಿಕೊಂಡು ತಿರುಗುತ್ತಿದ್ದಾರೆ.

ಗೋಡೆ ಬಿದ್ದ ಆ ಸಂಜೆ ಆಯಿ ಬಾಗಿಲಲ್ಲಿ ಕೂತು ಓಣಿ ನೋಡುತ್ತಿದ್ದಳು. ಹೋಗಿಬರುವವರು ಸುಮ್ಮಸುಮ್ಮನೆ ಒಳಗೆ ಬಂದು, ಹೊರಗೆ ಹೋಗಿ, ಮತ್ತೆ ಬಂದು ಮಾಡುತ್ತಿದ್ದರು. ನಾನು ಅಕ್ಕಿ ಆರಿಸುತ್ತ ಅವಳ ಪಕ್ಕದಲ್ಲಿ ಕೂತೆ.

"ಆಯಿ, ಎತ್ತು ಕಡೀಕ ಎಲ್ಲಿ ನಿಂತ್ವು?"

ಈ ಸಲ ಅವಳು ಆಕಳಿಸಲಿಲ್ಲ. "ನೀರು ಕೊಟ್ಟಲ್ಲಿ ನಿಂತ್ವು" ಎಂದಳು. "ಮತ್ತೆಲ್ಲಿ ನಿಲ್ತಾವು?"